ಒಂದು ಗೇಣು ಮಣ್ಣು

ಬೇಗೂರಿನಾಚೆ, ದೊಡ್ಡದೊಂದು ಅಪಾರ್ಟ್‌ಮೆಂಟಿನ ಹಿಂಗೋಡೆಗೆ ತಾಗಿಕೊಂಡು ಉದ್ದನೆಯ ಒಂದು ಪಟ್ಟಿ ಜಮೀನಿದೆ. ಮೇಲೆ ಹೈಟೆನ್ಷನ್ ತಂತಿ ಹಾದುಹೋಗಿರುವುದರಿಂದ ಅಲ್ಲಿ ಮನೆ ಕಟ್ಟುವ ಹಾಗಿಲ್ಲ. ಕಟ್ಟುವ ಹಾಗಿದ್ದಿದ್ದರೆ ಹನುಮಂತರಾಯಪ್ಪನವರು ಸುಮ್ಮನೆ ಬಿಡುವ ಆಸಾಮಿಯೇ? ಉಳಿದ ಜಮೀನಿನಲ್ಲೆಲ್ಲ ಬಾಡಿಗೆ ರೂಮುಗಳನ್ನು ಎಬ್ಬಿಸಿ, ಕಟ್ಟಲಾಗದ ಈ ತುಂಡನ್ನು ಮಾತ್ರ ಸೊಪ್ಪು ಬೆಳೆಯಲು ಮಲಕವ್ವನಿಗೆ ಗುತ್ತಿಗೆ ಕೊಟ್ಟಿದ್ದರು. ಗುತ್ತಿಗೆಯೆಲ್ಲ ಬಾಯಿಮಾತಿನದು. ಸಂಕ್ರಾಂತಿಗೆ ಮುಗಿಯುತ್ತದೆ, ಸಂಕ್ರಾಂತಿಗೇ ಮುಂದುವರಿಯುತ್ತದೆ.

ಮಲಕವ್ವ ಶಹಾಪುರದ ಕಡೆಯವಳು. ಗಂಡ ಮುತ್ತಣ್ಣ ಬೊಮ್ಮಸಂದ್ರದ ಫ್ಯಾಕ್ಟರಿಯೊಂದರಲ್ಲಿ ಶಿಫ್ಟಿಗೆ ಹೋಗುತ್ತಾನೆ. ಅವಳು ಜಮೀನು ಹಿಡಿದ ಹೊಸದರಲ್ಲಿ ಗುದ್ದಲಿ ಹಾಕಿದರೆ ಠಣ್ ಎನ್ನುತ್ತಿತ್ತು. ಹಿಂದೆ ಮಾಡುತ್ತಿದ್ದವರು ವರ್ಷಗಟ್ಟಲೆ ಯೂರಿಯಾ, ಡಿಎಪಿ ಸುರಿದು ಸುರಿದು ಮಣ್ಣಿನ ಉಸಿರು ನಿಲ್ಲಿಸಿದ್ದರು. ನೀರು ಬಿಟ್ಟರೆ ಒಳಗೆ ಇಳಿಯದೆ ಮೇಲೇ ಹರಿದುಹೋಗುತ್ತಿತ್ತು. ಕೊತ್ತಂಬರಿ ಹುಟ್ಟಿದ್ದೇ ತಡ ಹಳದಿ ತಿರುಗುತ್ತಿತ್ತು. ಅವಳ ತವರಲ್ಲಿ ಹೊಲ ಹೀಗೆ ಸತ್ತರೆ ಕುರುಬರನ್ನು ಕರೆದು, ಕಾಳು ಕೊಟ್ಟು, ಬೇಸಿಗೆಯಲ್ಲಿ ಕುರಿ ಹಿಂಡನ್ನು ಹೊಲದಲ್ಲೇ ನಿಲ್ಲಿಸುತ್ತಾರೆ. ಹಿಂಡು ಮಲಗಿ ಎದ್ದ ಜಾಗದಲ್ಲಿ ಮುಂದಿನ ಜೋಳ ಆಳೆತ್ತರ ಬರುತ್ತದೆ. ಬೇಗೂರಿನಲ್ಲಿ ಕುರಿ ಹಿಂಡನ್ನು ಎಲ್ಲಿಂದ ತರುವುದು?

ಕುರಿ ಸಿಗಲಿಲ್ಲ, ಹಸು ಸಿಕ್ಕವು. ಹನುಮಂತರಾಯಪ್ಪನವರ ತೀರಿಹೋದ ತಮ್ಮನ ಹೆಂಡತಿ ವಸಂತಮ್ಮ ಮನೆಮನೆಗೆ ಹಾಲಿನ ವರ್ತನೆ ಹಾಕುವವಳು. ಅವಳ ಕೊಟ್ಟಿಗೆ ಕೆಡವಿ ಭಾವನವರು ಅಲ್ಲೂ ರೂಮು ಕಟ್ಟಿಸಿದ ಮೇಲೆ ಹಸುಗಳು ಬೀದಿಗೆ ಬಿದ್ದಿದ್ದವು. ರೂಮಿನವರು ಸಗಣಿ ವಾಸನೆಯೆಂದು ಮೂಗು ಮುಚ್ಚಿಕೊಂಡು ಜಗಳಕ್ಕೆ ಬರುತ್ತಿದ್ದರು. "ನನ್ ಹೊಲದಾಗ ಕಟ್ರಿ ಅಕ್ಕಾ," ಎಂದಳು ಮಲಕವ್ವ. ಅಂದಿನಿಂದ ಸಂಜೆ ಹಸುಗಳು ಹೊಲಕ್ಕೆ ಬರುತ್ತಿದ್ದವು. ಇವತ್ತು ಈ ಮಡಿ, ನಾಳೆ ಪಕ್ಕದ ಮಡಿ, ಹೀಗೆ ಗೂಟ ಜರುಗುತ್ತ ಹೋಗುತ್ತಿತ್ತು. ಬೆಳಿಗ್ಗೆ ಎದ್ದು ಮಲಕವ್ವ ಸಗಣಿಯನ್ನು ಕೈಯಲ್ಲೇ ಹರವಿ, ಗಂಜಲ ಇಂಗಿದ ಜಾಗಕ್ಕೆ ಸೊಪ್ಪಿನ ಕಸ ಮುಚ್ಚುತ್ತಿದ್ದಳು. ಯೂರಿಯಾದ ಒಂದು ಕಾಳನ್ನೂ ಹತ್ತಿರಕ್ಕೆ ಸೇರಿಸಲಿಲ್ಲ.

ಮೊದಲೆರಡು ವರ್ಷ ಊರವರೆಲ್ಲ ನಕ್ಕರು. ಮುತ್ತಣ್ಣನೂ ನಕ್ಕ. ಆಮೇಲೆ ಮಣ್ಣು ಕಪ್ಪಾಗತೊಡಗಿತು. ಹಿಡಿದರೆ ಮುದ್ದೆಯಾಗುತ್ತಿತ್ತು, ಬಿಟ್ಟರೆ ಉದುರುತ್ತಿತ್ತು, ಮೂಗಿಗೆ ಹಿಡಿದರೆ ಮೊದಲ ಮಳೆ ಬಿದ್ದ ವಾಸನೆ ಬರುತ್ತಿತ್ತು. ಅವಳ ದಂಟು, ಮೆಂತ್ಯಕ್ಕೆ ಅಪಾರ್ಟ್‌ಮೆಂಟಿನ ಹೆಂಗಸರು ಗೇಟಿಗೇ ಬಂದು ಕಾಯುವ ಹಾಗಾಯಿತು. ಬೆಂಗಳೂರಿಗೆ ಬಂದು ಇಷ್ಟು ವರ್ಷದಲ್ಲಿ ಮಲಕವ್ವ ತನ್ನದು ಎಂದು ಹೇಳಿಕೊಂಡದ್ದು ಆ ಮಣ್ಣೊಂದನ್ನೇ. ಹೇಳಿಕೊಳ್ಳಬಾರದಾಗಿತ್ತು, ಹೇಳಿಕೊಂಡಳು.

ಅಷ್ಟರಲ್ಲಿ ಶೋಭಾರಾಣಿ ಬಂದಳು. ಮಣ್ಣಿನೊಳಗಿನ ಸೂಕ್ಷ್ಮಜೀವಿಗಳ ಮೇಲೆ ಸಂಶೋಧನೆ ಮಾಡುವ ಹುಡುಗಿ. ಗೊಬ್ಬರದ ಅಂಗಡಿಯ ಯೂರಿಯಾ ತಿಂದ ಮಣ್ಣಿಗೂ ದನ ಕಟ್ಟಿದ ಮಣ್ಣಿಗೂ ಒಳಗೆ ಏನು ವ್ಯತ್ಯಾಸ ಎಂದು ನೋಡಬೇಕಿತ್ತು ಅವಳಿಗೆ. ಹನುಮಂತರಾಯಪ್ಪನವರ ಅನುಮತಿ ಪಡೆದು, ಮಲಕವ್ವನ ಹೊಲದಿಂದಲೂ ಪಕ್ಕದವರ ಯೂರಿಯಾ ಹೊಲದಿಂದಲೂ ಮಣ್ಣು ತುಂಬಿಕೊಂಡು, ಐಸ್ ಡಬ್ಬಿಯಲ್ಲಿಟ್ಟುಕೊಂಡು ಹೋದಳು. ಕೆಲವು ತಿಂಗಳ ಮೇಲೆ ಮತ್ತೆ ಬಂದಾಗ ಮುಖ ಅರಳಿತ್ತು.

"ಅಕ್ಕ, ನಿಮ್ಮ ಒಂದು ಚಿಟಿಕೆ ಮಣ್ಣಲ್ಲಿರೋ ಜೀವಗಳು ಇಡೀ ಬೆಂಗಳೂರಿನ ಜನಕ್ಕಿಂತ ಜಾಸ್ತಿ. ಬ್ಯಾಕ್ಟೀರಿಯಾ, ಶಿಲೀಂಧ್ರ, ಎಲ್ಲಾ ಜಾತಿನೂ ಇವೆ. ಪಕ್ಕದ ಹೊಲದಲ್ಲಿ ಅರ್ಧಕ್ಕರ್ಧ ಜಾತಿಗಳೇ ಕಾಣೆ. ಬರೀ ಯೂರಿಯಾ ಹಾಕಿ ಹಾಕಿ ಮಣ್ಣು ಹುಳಿಯಾಗಿದೆ, ಅವುಕ್ಕೆ ತಿನ್ನೋಕೆ ಏನೂ ಇಲ್ಲ."

"ಅಂದ್ರ ನನ್ ಮಣ್ಣು ಪಾಸಾತೇನ್ರಿ ಮೇಡಂ?"

"ಪಾಸಲ್ಲ ಅಕ್ಕ, ರ‍್ಯಾಂಕು!"

ಮಲಕವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಶೋಭಾರಾಣಿ ಒಳ್ಳೆಯ ಹುಡುಗಿ, ಅನುಮತಿ ಕೊಟ್ಟವರಿಗೆ ಧನ್ಯವಾದ ಹೇಳಬೇಕೆಂದು ಇದೇ ಮಾತನ್ನು ಹನುಮಂತರಾಯಪ್ಪನವರ ಮುಂದೆಯೂ ಹೇಳಿ ಹೋದಳು. ನಿಮ್ಮ ಜಮೀನಿನ ಮೇಲ್ಮಣ್ಣು ಚಿನ್ನದಂಥದ್ದು ಸಾರ್, ಎಂದಳಂತೆ. ಒಳ್ಳೆಯವರು ಮಾಡಿಡುವ ಅನಾಹುತ ಕೆಟ್ಟವರ ಕೈಯಲ್ಲೂ ಆಗುವುದಿಲ್ಲ.

ಮಾರ್ಗಶಿರದಲ್ಲಿ ಒಂದು ಸುದ್ದಿ ಹಬ್ಬಿತು. ನೀರಿನ ಟ್ಯಾಂಕರ್ ನಿಲ್ಲಿಸಲು ಯಾರೋ ಆ ಜಮೀನನ್ನು ಕೇಳುತ್ತಿದ್ದಾರಂತೆ. ಟ್ಯಾಂಕರಿನ ಚಕ್ರ ಒಂದು ವಾರ ಓಡಾಡಿದರೆ ಇಷ್ಟು ವರ್ಷದ ಮಣ್ಣು ಮತ್ತೆ ಕಲ್ಲು. ಮಲಕವ್ವ ಹನುಮಂತರಾಯಪ್ಪನವರ ಮನೆಯ ಮುಂದೆ ಹೋಗಿ ನಿಂತಳು.

"ಗೌಡ್ರ, ಬಾಯಿಮಾತು ಬ್ಯಾಡ್ರಿ, ಐದು ವರ್ಷಕ್ಕ ಗಟ್ಟಿ ಮಾಡಿಕೊಡ್ರಿ. ಮಣ್ಣು ಈಗ ಕೈಗಿ ಹತ್ತ್ಯಾದ. ಮಂದಿ ಕೈಗಿ ಕೊಡಬ್ಯಾಡ್ರಿ."

"ಯಾಕಮ್ಮ ಇಂಗೆ ಗಾಬ್ರಿ ಬೀಳ್ತೀಯ? ಮಣ್ಣು ನೋಡಕ್ಕೆ ಒಬ್ರು ಬತ್ತಾರೆ. ಅವ್ರು ನೋಡ್ಲಿ, ಆಮೇಕೆ ಗುತ್ತಿಗೆ ಮಾತಾಡಾನ," ಎಂದರು ಹನುಮಂತರಾಯಪ್ಪ. ಅವರು ಸುಳ್ಳು ಹೇಳಲಿಲ್ಲ. ಅದನ್ನು ಒಪ್ಪಿಕೊಳ್ಳಬೇಕು.

ಬಂದವರ ಹೆಸರು ಪರಮಾನಂದ. ಇಸ್ತ್ರಿ ಮಾಡಿದ ಅಂಗಿ, ಜೇಬಲ್ಲಿ ಪೆನ್ನು. ಮಣ್ಣನ್ನು ಕೈಗೆ ತೆಗೆದುಕೊಂಡು ಉಜ್ಜಿದ ರೀತಿ ನೋಡಿದರೆ ಮಣ್ಣು ಗೊತ್ತಿದ್ದವನ ಹಾಗೇ ಕಾಣುತ್ತಿದ್ದ. ಕೃಷಿ ಇಲಾಖೆಯ ಸಾಹೇಬರೇ ಇರಬೇಕು, ಇವರು ಹೂಂ ಅಂದರೆ ಗುತ್ತಿಗೆ ಸಿಕ್ಕಂತೆ ಎಂದುಕೊಂಡಳು ಮಲಕವ್ವ. ಯಾರು ನೀವು ಎಂದು ಅವಳು ಕೇಳಲಿಲ್ಲ. ಹೊಲಕ್ಕೆ ಬಂದವರನ್ನು ಹಾಗೆ ಕೇಳುವುದು ಅವರ ಕಡೆ ಮರ್ಯಾದೆಯಲ್ಲ. ಚರಿಗೆಯಲ್ಲಿ ನೀರು ಕೊಟ್ಟಳು, ಕುಳಿತುಕೊಳ್ಳಲು ಗೋಣಿಚೀಲ ಹಾಸಿದಳು.

"ಎಷ್ಟು ಆಳ ಇದೆಯಮ್ಮ, ಈ ಒಳ್ಳೇ ಮಣ್ಣು?" ಎಂದು ಕೇಳಿದ ಪರಮಾನಂದ.

ಅವಳಿಗೆ ಇನ್ನೇನು ಬೇಕಿತ್ತು? ಮುಂದಿದ್ದ ಮೆಂತ್ಯದ ಮಡಿಯನ್ನೇ ಕಿತ್ತು ಪಕ್ಕಕ್ಕಿಟ್ಟು, ಗುದ್ದಲಿ ಹಿಡಿದು ಗುಂಡಿ ತೆಗೆದಳು. ಮೇಲೆ ಕಪ್ಪು, ಕೆಳಗೆ ಕೆಂಪು, ಗೆರೆ ಎಳೆದ ಹಾಗೆ ಕಾಣುತ್ತಿತ್ತು. ಗುಂಡಿಯ ಅಂಚಿಗೆ ಕೈಯಿಟ್ಟು, ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಅಗಲಿಸಿ ತೋರಿಸಿದಳು.

"ನೋಡ್ರಿ, ಭರ್ತಿ ಒಂದು ಗೇಣು. ಎಲ್ಲಿ ಅಗದ್ರೂ ಇಷ್ಟ ರೀ. ಇದರ ಕೆಳಗಿಂದು ಹಳೇ ಯೂರಿಯಾದ ಮಣ್ಣ್ರಿ, ಅದರಾಗ ಏನೂ ಇಲ್ಲ. ಅದನ್ನ ಮ್ಯಾಲ ತರಬಾರದ್ರಿ, ಕೂಡಿಸಿದ್ರ ಎಲ್ಲಾ ಕೆಡ್ತದ."

ಪರಮಾನಂದ ಗುಂಡಿಯ ಫೋಟೋ ತೆಗೆದುಕೊಂಡ. ಬಹಳ ಚೆನ್ನಾಗಿ ಇಟ್ಟುಕೊಂಡಿದ್ದೀರಿ ಎಂದ. ಆ ರಾತ್ರಿ ಮಲಕವ್ವ ಗಂಡನಿಗೆ ಎರಡು ರೊಟ್ಟಿ ಹೆಚ್ಚಿಗೆ ಬಡಿದಳು.

ಎಳ್ಳಮಾವಾಸ್ಯೆಗೆ ಊರಿಗೆ ಹೋಗುವ ಯೋಚನೆ ಅವಳಿಗಿರಲಿಲ್ಲ. ಹನುಮಂತರಾಯಪ್ಪನವರೇ ಹೊಲದ ಹತ್ತಿರ ಬಂದು, "ಅಬ್ಬ ಅಲ್ವಾ ನಿಮ್ದು, ಓಗ್ಬುಟ್ಟು ಬಾ. ಬಂದ್ಮೇಲೆ ಗುತ್ತಿಗೆ ಮಾತಾಡಾನ," ಎಂದರು. ಇಂಥ ಮಾತು ಆಡುವ ಮಾಲೀಕರು ಈ ಊರಲ್ಲಿ ಎಷ್ಟು ಜನ ಸಿಗುತ್ತಾರೆ ಎಂದು ಅವಳು ಬಸ್ಸಿನ ತುಂಬ ಹೊಗಳುತ್ತ ಹೋದಳು. ತವರಿನಲ್ಲಿ ಅಣ್ಣನ ಹೊಲಕ್ಕೆ ಸಜ್ಜಿರೊಟ್ಟಿ, ಭಜ್ಜಿ, ಕಡಬು ಹೊತ್ತುಕೊಂಡು ಹೋಗಿ ಅದನ್ನು ಭೂಮಿತಾಯಿಗೆ ಎಡೆಯಾಗಿ ಹೊಲದ ತುಂಬ ಎರಚಿ ಚರಗ ಚೆಲ್ಲಿದರು. ಎಲ್ಲರೂ ಹುಲ್ಲುಲ್ಲಿಗೋ ಎಂದು ಕೂಗುತ್ತ ಚೆಲ್ಲುವಾಗ ಮಲಕವ್ವ ಮನಸ್ಸಿನಲ್ಲಿ ಬೇಗೂರಿನ ಹೊಲಕ್ಕೂ ಒಂದು ಹಿಡಿ ಚೆಲ್ಲಿದಳು.

ತಿರುಗಿ ಬಂದಾಗ ಹೊಲ ಇರಲಿಲ್ಲ. ಜಮೀನೇನೋ ಇತ್ತು, ಅಪಾರ್ಟ್‌ಮೆಂಟಿನ ಗೋಡೆ, ಹೈಟೆನ್ಷನ್ ಕಂಬ ಎಲ್ಲ ಇದ್ದಲ್ಲೇ ಇದ್ದವು. ಮಣ್ಣು ಮಾತ್ರ ಒಂದು ಗೇಣು ಕೆಳಗಿಳಿದಿತ್ತು. ಜೆಸಿಬಿಯವನು ಎಷ್ಟು ಹದವಾಗಿ ಕೆರೆದಿದ್ದನೆಂದರೆ, ಕೆಳಗಿನ ಕೆಂಪು ಮಣ್ಣಿನ ಒಂದು ಹೆಂಟೆಯನ್ನೂ ಮುಟ್ಟಿರಲಿಲ್ಲ. ಮಲಕವ್ವ ಹೇಳಿಕೊಟ್ಟ ಹಾಗೇ ಮಾಡಿದ್ದ. ಅವಳು ಗಂಟು ಕೆಳಗಿಡುವುದನ್ನೂ ಮರೆತು ನಿಂತಳು.

ಹಸುಗಳನ್ನು ರಸ್ತೆ ಬದಿಯಲ್ಲಿ ಹಿಡಿದು ನಿಂತಿದ್ದ ವಸಂತಮ್ಮ ಹತ್ತಿರ ಬಂದಳು. ಅವಳ ಬಾಯಿಂದಲೇ ಎಲ್ಲ ಹೊರಬಂತು. ಪರಮಾನಂದ ಗಾರ್ಡನ್ ಕಾಂಟ್ರಾಕ್ಟರ್. ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಕಾರು ನಿಲ್ಲಿಸುವ ತಾರಸಿಯ ಮೇಲೆ ಲಾನ್ ಮಾಡಿಸುವುದಕ್ಕೆ ಮಣ್ಣು ಬೇಕಾಗಿತ್ತು. ಲಾರಿಗಳು ಬಂದು ತುಂಬಿಕೊಂಡು ಹೋದವು.

"ನಂಗೊಂದ್ ಫೋನ್ ಮಾಡಬಾರದಿತ್ತಾ ಅಕ್ಕಾ?"

"ಎಂಗ್ ಮಾಡ್ಲಿ ಮಲಕವ್ವ? ಅವ್ರು ನಮ್ ಭಾವ. ನಾಳೆ ನಾನು ಅವ್ರ ಮನೆ ಬಾಗ್ಲಲ್ಲೇ ಬಾಳ್ಬೇಕು." ವಸಂತಮ್ಮ ಅಳುತ್ತಿದ್ದಳು. ಅತ್ತರೆ ಏನು ಬಂತು? ಮಣ್ಣು ಹೋಗುವಾಗ ಅಳಬೇಕಾಗಿತ್ತು.

ಹನುಮಂತರಾಯಪ್ಪನವರು ಮನೆಯ ಮುಂದೆ ಕುರ್ಚಿ ಹಾಕಿಕೊಂಡು ಬಿಸಿಲು ಕಾಯಿಸುತ್ತಿದ್ದರು. ಮಲಕವ್ವ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಬೈದುಕೊಂಡು ಬಂದು ಅವರ ಮುಂದೆ ನಿಂತಳು.

"ನಾವ್ ಮಾಡಿದ್ ಮಣ್ಣ್ರಿ ಅದು, ಗೌಡ್ರ."

"ಭೂಮಿ ಯಾರ್ದಮ್ಮ?"

"ಭೂಮಿ ನಿಮ್ದರಿ. ಅದರಾಗಿನ ಜೀವ ನಾವ್ ಸಾಕಿದ್ದು."

"ಅಂಗಾದ್ರೆ ಜೀವ ಇಡ್ಕೊಂಡೋಗ್ಬೇಕಿತ್ತು, ಊರ್ಗೆ ಓಗೋವಾಗ," ಎಂದು ಹನುಮಂತರಾಯಪ್ಪ ನಕ್ಕರು. ಆಮೇಲೆ ದನಿ ತಗ್ಗಿಸಿ, ತಂದೆಯ ಹಾಗೆ ಹೇಳಿದರು: "ನೋಡಮ್ಮ, ನಾನೇನ್ ನಿನ್ನ ಬೀದಿಗ್ ಬಿಡಲ್ಲ. ಐದ್ ವರ್ಸ ಕೇಳ್ದೆ ತಾನೆ? ತಗೊ, ಕೊಟ್ಟೆ. ಬಾಡ್ಗೇನೂ ಇಳಿಸ್ತೀನಿ. ಸಗಣಿ ಆಕು, ದನ ಕಟ್ಟು, ಮತ್ತೆ ಮಾಡು ಮಣ್ಣ. ನಿನ್ ಕೈಗುಣ ಚೆಂದಾಗೈತೆ. ಆದ್ಮೇಲೆ ಪರಮಾನಂದ್ ಮತ್ತೆ ಬತ್ತೀನಿ ಅಂದವ್ನೆ."

ಅವಳು ಕೇಳಿದ್ದೆಲ್ಲ ಸಿಕ್ಕಿತ್ತು. ಟ್ಯಾಂಕರಿನವನು ಬರಲಿಲ್ಲ, ಜಮೀನು ಬೇರೆಯವರ ಪಾಲಾಗಲಿಲ್ಲ, ಗುತ್ತಿಗೆ ಗಟ್ಟಿಯಾಯಿತು. ಉಗಿದು ಎದ್ದುಹೋಗೋಣವೆನ್ನಿಸಿತು. ಆದರೆ ಹೋಗುವುದೆಲ್ಲಿಗೆ? ಸೊಪ್ಪು ಬಿಟ್ಟು ಬೇರೆ ಕಸುಬು ಅವಳಿಗೆ ಗೊತ್ತಿರಲಿಲ್ಲ. "ಆತ್ರಿ," ಎಂದಳು.

ಆ ವಾರವೇ ಶೋಭಾರಾಣಿ ಎರಡನೇ ಸಲ ಮಣ್ಣು ತೆಗೆಯಲು ಡಬ್ಬಿ ಹಿಡಿದು ಬಂದಳು. ಬೋಳು ಜಮೀನು ನೋಡಿ ಡಬ್ಬಿಯನ್ನು ಬದುವಿನ ಮೇಲಿಟ್ಟಳು.

"ಅಲ್ಲಿ ಮ್ಯಾಲ ಬದುಕ್ತಾವೇನ್ರಿ ಮೇಡಂ, ಮಣ್ಣಾಗಿನ ಆ ಜೀವಗೋಳು?" ಮಲಕವ್ವ ತಾರಸಿಯ ಕಡೆ ಕೈ ಮಾಡಿದಳು. ಅಲ್ಲಿ ಹಸಿರು ಲಾನ್ ಹಾಸಿಯಾಗಿತ್ತು. ಒಬ್ಬ ಬೆನ್ನಿಗೆ ಪಂಪು ಕಟ್ಟಿಕೊಂಡು ಔಷಧಿ ಹೊಡೆಯುತ್ತಿದ್ದ.

"ಸ್ವಲ್ಪ ದಿನ ಇರ್ತವೆ ಅಕ್ಕ. ಆಮೇಲೆ ಕಷ್ಟ," ಎಂದಳು ಶೋಭಾರಾಣಿ. ತನ್ನಿಂದಲೇ ಹೀಗಾಯಿತೆಂದು ಅವಳಿಗೆ ಹೊಳೆದಿರಬೇಕು, ಕಣ್ಣಲ್ಲಿ ನೀರು ತುಂಬಿಕೊಂಡಿತು. "ನಾನು ಸೈಟ್ ಡಿಸ್ಟರ್ಬ್ ಆಗಿದೆ ಅಂತ ಬರ್ದು, ಬೇರೆ ಜಾಗ ಹುಡುಕ್ಬೇಕಾಗುತ್ತೆ."

"ಬರೀರಿ," ಎಂದಳು ಮಲಕವ್ವ.

ಸಂಜೆ ವಸಂತಮ್ಮ ಎಂದಿನಂತೆ ಹಸುಗಳನ್ನು ಹೊಡೆದುಕೊಂಡು ಬಂದಳು. ಮಲಕವ್ವ ಬದುವಿನ ಮೇಲೆ ಅಡ್ಡ ನಿಂತಳು.

"ಬ್ಯಾಡಕ್ಕ. ಇನ್ನ ಮ್ಯಾಲ ಇಲ್ಲಿ ದನ ಕಟ್ಟಬ್ಯಾಡ್ರಿ."

"ನನ್ ಮ್ಯಾಲೆ ಸಿಟ್ಟಾ?"

"ನಿಮ್ ಮ್ಯಾಲ ಯಾಕ ಸಿಟ್ಟು? ಈ ಮಣ್ಣಿಗಿ ಜೀವ ಬರಬಾರದು, ಅಷ್ಟ."

ಮುತ್ತಣ್ಣ ಶಿಫ್ಟು ಮುಗಿಸಿ ಬಂದಾಗ ಯೂರಿಯಾ ಚೀಲ ತರಲು ಹೇಳಿದಳು. ಅವನು ಹೆಂಡತಿಗೆ ತಲೆ ಕೆಟ್ಟಿತೆಂದುಕೊಂಡ. ಆದರೂ ತಂದ. ಮಲಕವ್ವ ಮಡಿ ಕಟ್ಟಿ, ಬೀಜ ಚೆಲ್ಲಿ, ಬಿಳಿಯ ಕಾಳುಗಳನ್ನು ಕೈ ತುಂಬ ಎರಚಿದಳು. ಸೊಪ್ಪು ಬಂತು. ನೀರು ಹೆಚ್ಚು ಬೇಡುತ್ತಿತ್ತು, ಕಿತ್ತ ಮಾರನೆಯ ದಿನಕ್ಕೇ ಬಾಡುತ್ತಿತ್ತು, ರುಚಿ ಮೊದಲಿನ ಹಾಗಿಲ್ಲವೆಂದು ಅಪಾರ್ಟ್‌ಮೆಂಟಿನ ಹೆಂಗಸರು ಗೇಟಿಗೆ ಬರುವುದನ್ನು ಬಿಟ್ಟರು. ಅವಳು ಮಾರ್ಕೆಟ್ಟಿಗೆ ಹಾಕತೊಡಗಿದಳು.

ಮರುವರ್ಷ ಮುಂಗಾರು ಕಳೆದ ಮೇಲೆ ಹನುಮಂತರಾಯಪ್ಪನವರು ಪರಮಾನಂದನನ್ನು ಕರೆದುಕೊಂಡು ಬಂದರು. ಪರಮಾನಂದ ಬಗ್ಗಿ ಮಣ್ಣು ಮುರಿದು ನೋಡಿದ. ಹೆಂಟೆ ಕೈಯಲ್ಲೇ ಕಲ್ಲಿನ ಹಾಗೆ ಕುಳಿತಿತ್ತು. ತಲೆಯಾಡಿಸಿ ಬಿಸಾಕಿದ.

"ಏನಮ್ಮ, ಮಣ್ಣು ಇನ್ನೂ ಆಗೇ ಇಲ್ವಲ್ಲ?"

"ಇಲ್ರಿ ಗೌಡ್ರ. ಕೈಗುಣ ಹೋತು ನೋಡ್ರಿ," ಎಂದಳು ಮಲಕವ್ವ. ಅವರ ಮುಖ ಬಾಡಿದ್ದನ್ನು ನೋಡಿ ಅವಳ ಹೊಟ್ಟೆ ತಣ್ಣಗಾಯಿತು. ಇಬ್ಬರೂ ರಸ್ತೆ ತಿರುಗುವ ತನಕ ನಗು ತಡೆದುಕೊಂಡಿದ್ದು, ಆಮೇಲೆ ಒಬ್ಬಳೇ ಜೋರಾಗಿ ನಕ್ಕಳು.

ನೀರಿನ ಪೈಪು ತೊಟ್ಟಿಕ್ಕುವ ಮೂಲೆಯಲ್ಲಿ ಕಳೆ ಕೀಳಲು ಕುಳಿತಾಗ ಅವಳ ನಗು ನಿಂತಿತು. ಬೇರಿನ ಜೊತೆ ಒಂದು ಎರೆಹುಳ ಮೇಲೆ ಬಂದಿತ್ತು. ಎಲ್ಲಿಂದ ಬಂತೋ, ಇಷ್ಟೆಲ್ಲ ಎರಚಿದ ಮೇಲೂ ಹೇಗೆ ಬದುಕಿತೋ. ಸಣ್ಣದು, ಬೆಳೆಯುವ ವಯಸ್ಸಿನದು. ಅವಳ ಕೈ ತಾನಾಗಿ ಅದರ ಮೇಲೆ ಹಸಿಮಣ್ಣು ಎಳೆಯಹೋಯಿತು. ಮಲಕವ್ವ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕುಳಿತಿದ್ದು, ಅಂಗೈಯಲ್ಲಿ ಎತ್ತಿಕೊಂಡು ಬೇಲಿಯಾಚೆ ಮೋರಿಯ ದಂಡೆಗೆ ಬಿಟ್ಟಳು.

"ಹೋಗು ತಾಯಿ. ನಿನ್ನ ಇಲ್ಲಿ ನೋಡಿದ್ರ ಅವ್ರು ಮತ್ತ ಬರ್ತಾರ."

ಕೈ ಸೀರೆಗೆ ಒರೆಸಿಕೊಂಡು ಬಂದು, ಚೀಲದಲ್ಲಿ ಉಳಿದಿದ್ದ ಯೂರಿಯಾವನ್ನೆಲ್ಲ ಆ ಮೂಲೆಗೇ ಸುರಿದಳು.