ಕಂಬದ ಬುಡದ ಸಂದಿ

ಸಗಣಿಗೆ ಕೆಮ್ಮಣ್ಣು ಕಲೆಸಿದ ವಾಸನೆ ಬಂದರೆ ನನಗೆ ಇಂದಿಗೂ ಧಾರವಾಡದ ಅಜ್ಜಿ ಮನೆ ನೆನಪಾಗುತ್ತದೆ. ಮಳೆಗಾಲಕ್ಕೆ ಮೊದಲು ಅಜ್ಜಿ ಕುಕ್ಕರಗಾಲಲ್ಲಿ ಮನೆ ಸುತ್ತ ಸರಿಯುತ್ತ, ಗೋಡೆ ನೆಲಕ್ಕೆ ಕೂಡುವಲ್ಲಿ ಸಂದಿ ಕಂಡಲ್ಲೆಲ್ಲ ಅದನ್ನು ಮೆತ್ತುತ್ತಿದ್ದಳು. ಚೇಳು ಬರಬಾರದು, ಇರುವೆ ಬರಬಾರದು. ಬುಡದಲ್ಲಿ ಸಂದಿ ಬಿಟ್ಟ ಮನೆಯೆಂದರೆ ನಮ್ಮ ಕಡೆಯ ಹೆಂಗಸರಿಗೆ ಕೈ ಸುಮ್ಮನಿರುವುದಿಲ್ಲ.

ಗೋವಾದ ಸಾಂಖಳಿಯಲ್ಲಿ ನಮ್ಮದು ಬಟ್ಟೆ ಅಂಗಡಿ, ಅದರ ಹಿಂದೆಯೇ ಮನೆ. ಪಡಸಾಲೆಗೆ ಕೆಂಪು ಕಲ್ಲಿನ ನಾಲ್ಕು ಕಂಬ. ಪ್ರತಿ ಮಳೆಗಾಲದಲ್ಲೂ ಅವುಗಳ ಗಿಲಾವು ಉದುರುತ್ತಿತ್ತು. 2008ರ ಬೇಸಿಗೆಯಲ್ಲಿ ಸೊಸೆ ಜಯಶ್ರೀ, ಮರದ ಹಲಗೆ ಹೊದಿಸಿಬಿಡೋಣ ಎಂದಳು. ಕೆಲಸ ಹಿಡಿದವನು ಮಾನಪ್ಪ. ಕೊರ್ಲಿಮ್‌ನ ಕಾರ್ಖಾನೆ ಬಿಟ್ಟು ಸ್ವಂತ ಬಡಗಿ ಕೆಲಸ ಶುರುಮಾಡಿದ್ದ, ನಮ್ಮದೇ ಮೊದಲನೆಯದು. ಪಕ್ಕದ ಮನೆಯ ಗಾಂವಕರ ಮಾಸ್ತರರು ಬೇಲಿಯಾಚೆಯಿಂದ ನೋಡುತ್ತ, "ಈ ಮಳೆಗಾಲ ತಡೆಯಲಿ, ನಮ್ಮ ಮನೆ ಕಂಬಗಳೂ ನಿನಗೇ" ಎಂದು ಕೊಂಕಣಿಯಲ್ಲಿ ಹೇಳಿದ್ದರು.

"ಅವರ ಕೆಲಸ ಸಿಕ್ರ ನಾ ನಿಂತೆ ಅಂತ ತಿಳ್ಕೊಳ್ರಿ ಅಮ್ಮಾರ. ಇಲ್ಲಾಂದ್ರ ಮತ್ತ ಕಾರ್ಖಾನಿ ಗೇಟು" ಎಂದು ಮಾನಪ್ಪ ನನಗೆ ಹೇಳಿದ.

ಕಂಬಕ್ಕೆ ಮೊದಲು ಉದ್ದನೆಯ ಪಟ್ಟಿ ಬಡಿದು, ಅದರ ಮೇಲೆ ಹಲಗೆ ಕೂಡಿಸಿದ. ನೆಲದಿಂದ ಎರಡು ಬೆರಳು ಮೇಲಕ್ಕೇ ಹಲಗೆ ನಿಲ್ಲಿಸಿದ. ಕಸ ಗುಡಿಸುತ್ತಿದ್ದ ಚಂದವ್ವ ಅದನ್ನು ಕಂಡು ನಕ್ಕಳು. ಅವಳು ನಮ್ಮ ಮನೆಗೆಲಸದವಳು, ವಿಜಯಪುರದ ಕಡೆಯವಳು.

"ಏನೋ ಮಾನಪ್ಪ, ಕಂಬಕ್ಕ ಪಾಯಜಾಮಾ ಹೊಲದಿ, ಅದೂ ಗಿಡ್ಡ! ಅರಿವಿ ಸಾಲಲಿಲ್ಲೇನು?"

"ಇದು ಗೋವಾದ ಫ್ಯಾಶನ್ ಬೇ ಯಕ್ಕಾ. ನಿನಗ ತಿಳಿಯಂಗಿಲ್ಲ ಬಿಡು."

ಜುಲೈ ಹೊತ್ತಿಗೆ ಹಲಗೆಗಳು ಬುಡದಲ್ಲಿ ಉಬ್ಬಿ, ಮೊಳೆಗಳು ಹೊರಬಂದವು. ಜಯಶ್ರೀ ಮಾನಪ್ಪನನ್ನು ಕರೆಸಿದಳು. ಮಾಸ್ತರರೂ ಛತ್ರಿ ಹಿಡಿದು ಬಂದರು.

ಮಾನಪ್ಪ ಮೊಣಕಾಲೂರಿ ಕಂಬದ ಬುಡಕ್ಕೆ ಬೆರಳು ಆಡಿಸಿದ. ತಾನು ಬಿಟ್ಟಿದ್ದ ಸಂದಿ ಇರಲಿಲ್ಲ. ಸುತ್ತಲೂ ಸಿಮೆಂಟು ಮೆತ್ತಿತ್ತು, ನೆಲದ ಬಣ್ಣದ್ದೇ, ಅಂಚಿಗೆ ಹೆಬ್ಬೆರಳಿನಿಂದ ನಯಮಾಡಿದ ಗುರುತು. ಅವನು ತಲೆಯೆತ್ತಿ ಬಾಗಿಲಲ್ಲಿದ್ದ ಚಂದವ್ವನನ್ನು ನೋಡಿದ. ಅವಳ ಕೈಯಲ್ಲಿ ಕಸಬರಿಗೆ ಅಲುಗಾಡಲಿಲ್ಲ. ಹಿಂದೊಮ್ಮೆ ಮಿಕ್ಸರ್ ಒಡೆದದ್ದಕ್ಕೆ ಜಯಶ್ರೀ ಅವಳಿಗೆ, ಇನ್ನೊಂದು ಸಲ ಹಿಂಗಾದರೆ ಕೆಲಸಕ್ಕೆ ಬರಬೇಡ ಎಂದಿದ್ದಳು. ಆ ಮಾತು ಮಾನಪ್ಪನ ಎದುರಿಗೇ ಆಗಿತ್ತು.

"ನನ್ನ ಕೆಲಸಾನ ಕೆಟ್ಟೈತ್ರಿ ಬಾಯಾರ. ಹಲಗಿ ಬದಲ ಮಾಡಿಕೊಡ್ತೇನಿ" ಎಂದು ಜಯಶ್ರೀಗೆ ಹೇಳಿದ.

ಮಾಸ್ತರರು ಛತ್ರಿ ಬಿಚ್ಚಿ ಮೆಟ್ಟಿಲಿಳಿದರು. ಮಾನಪ್ಪ ಅವರ ಬೆನ್ನನ್ನೇ ನೋಡುತ್ತ ನಿಂತ.

"ಮಾಸ್ತರ, ನಿಲ್ರಿ!" ಚಂದವ್ವ ಕಸಬರಿಗೆ ಬಿಟ್ಟು ಮಳೆಗೇ ಇಳಿದಳು. "ಹಾಂವೆಂ ಕೆಲೆಂ. ನಾನ ಮಾಡಿದ್ದು, ಸಿಮಿಟು ನಾನ ಮೆತ್ತೇನ್ರಿ. ಅಮ್ಮಾರು ಸಂಜಿಕ ಅಲ್ಲೇ ಕೂಡ್ತಾರ, ಸಂದ್ಯಾಗಿಂದ ಚೇಳು ಬಂದು ಕಡದೀತು ಅಂತ... ಅವಂದೇನೂ ತಪ್ಪಿಲ್ಲ."

ಮಾಸ್ತರರು ತಿರುಗಿ ಬಂದರು. ಮಾನಪ್ಪ ಉಳಿ ಹಚ್ಚಿ ಒಂದು ಮೂಲೆಯ ಸಿಮೆಂಟು ಕಿತ್ತ. ಒಳಗೆ ನಿಂತಿದ್ದ ಕೆಂಪು ನೀರು ಭರ್ರನೆ ಹರಿದು ಪಡಸಾಲೆಯನ್ನೆಲ್ಲ ನೆನೆಸಿತು. ಮಾಸ್ತರರು ಧೋತರ ಎತ್ತಿಕೊಂಡರು.

"ಈ ಕಲ್ಲು ನೀರು ಕುಡಿತೈತ್ರಿ. ಕುಡದದ್ದು ಇಳದ ಹೋಗಾಕ ಸಂದಿ" ಎಂದ ಮಾನಪ್ಪ.

"ಆವಾಗಲೇ ಹೇಳಬಾರದಾಗಿತ್ತೇನೋ?" ಎಂದರು ಮಾಸ್ತರರು.

"ಆಕಿ ನಕ್ಕು ಚಾಷ್ಟಿ ಮಾಡಿದ್ಲರಿ. ನಾನೂ ಚಾಷ್ಟಿ ಮಾಡಿ ಸುಮ್ಮನಾದೆ. ಹೇಳಬೇಕಿತ್ತು, ಖರೇ."

ಮಾಸ್ತರರು ಬಗ್ಗಿ ಸಂದಿಯೊಳಗೆ ಬೆರಳು ಹಾಕಿ ನೋಡಿದರು. "ಎಲ್ಲವನ್ನೂ ಬಿಡಿಸು. ಇನ್ನೂ ಅರ್ಧ ಮಳೆಗಾಲ ಉಂಟಲ್ಲ. ಗಣೇಶ ಚವತಿ ಮುಗಿಸಿ ನಮ್ಮ ಕಡೆ ಬಂದು ಅಳತೆ ತಗೋ" ಎಂದು ಹೊರಟರು.

ಇನ್ನು ಜಯಶ್ರೀ ಏನನ್ನುತ್ತಾಳೋ ಎಂದು ನಾನು ನೋಡುತ್ತಿದ್ದೆ. ಅವಳು ಒಳಗೆ ಹೋಗಿ ಒಣಗಿದ ಟವೆಲ್ ತಂದು ಚಂದವ್ವನ ಹೆಗಲಿಗೆ ಹಾಕಿದಳು. "ಮೊದಲ ತಲಿ ಒರಸ್ಕೊ. ಆಮ್ಯಾಲೆ ನೆಲ."

ಮಧ್ಯಾಹ್ನದ ಹೊತ್ತಿಗೆ ನಾಲ್ಕೂ ಕಂಬಗಳ ಬುಡ ತೆರೆದುಕೊಂಡಿತು. ಮಾನಪ್ಪ ಮೆಟ್ಟಿಲ ಮೇಲೆ ಕೂತು, ಉಬ್ಬಿದ ಹಲಗೆಗಳನ್ನು ಬೇರೆ ಮಾಡಿಡುತ್ತಿದ್ದ. ಚಂದವ್ವ ತನ್ನ ಬುತ್ತಿ ಬಿಚ್ಚಿದಳು. ಎರಡು ಜೋಳದ ರೊಟ್ಟಿ, ಬದನೆಕಾಯಿ ಪಲ್ಯ. ಎರಡನ್ನೂ ತಾಟಿನಲ್ಲಿಟ್ಟು, ಪಲ್ಯವನ್ನೆಲ್ಲ ಬಡಿಸಿ, ಅವನ ಪಕ್ಕಕ್ಕೆ ಸರಿಸಿದಳು. ಅವನು ಕೈ ತೊಳೆದು ಬರುವಷ್ಟರಲ್ಲಿ ಅವಳು ಒಳಗೆ ಹೋಗಿದ್ದಳು.