ಕೂತು ಹೋದವಳು

ಗಿರೀಶ ಬಿದಿರಿನ ಗಳವನ್ನು ಕಿತ್ತುಕೊಂಡು ಬೀದಿಗೆ ಎಸೆದ. ಇನ್ನೊಂದು ಗಳಕ್ಕೆ ಹಗ್ಗ ಸುತ್ತುತ್ತಿದ್ದ ಇಬ್ಬರು ಕೈಬಿಟ್ಟು ಹಿಂದೆ ಸರಿದರು. ಅರ್ಧ ಕಟ್ಟಿದ್ದ ಚಟ್ಟ ಅಂಗಳದಲ್ಲಿ ಸೊಟ್ಟಗೆ ಬಿದ್ದುಕೊಂಡಿತು.

"ಚಟ್ಟ ಕಟ್ಟಬ್ಯಾಡಿ ಅಂದ್ನಲ್ಲ! ಎಷ್ಟ್ ಸಲ ಏಳ್ಬೇಕು?"

"ಲೇ ಗಿರೀಸ, ಮೈಮೇಲೆ ಗ್ಯಾನ ಇದ್ದದೇನ್ಲಾ?" ದೊಡ್ಡಪ್ಪ ಚಿಕ್ಕಮಲ್ಲಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಒದರಿದ. "ಒಳಗೆ ತಂಗಿ ಎಣ ಅದೆ. ಬಿಸ್ಲು ಏರಾಕೆ ಮುಂಚೆ ಮಣ್ಣು ಮಾಡ್ಬುಡ್ಬೇಕು. ನೀನ್ ನೋಡುದ್ರೆ ಗಳ ಎಸಿತಾ ಕುಣಿತಿದ್ದೀಯ."

"ಅವ್ಳು ಮಲ್ಕೊಂಡು ಓಗಲ್ಲ. ಕೂತ್ಕೊಂಡು ಓಯ್ತಳೆ."

ಅಂಗಳದಲ್ಲಿ ಸೇರಿದ್ದವರು ಮುಖ ಮುಖ ನೋಡಿಕೊಂಡರು.

ಬೇಗೂರಿನ ಆ ಬೀದಿಯಲ್ಲಿ ಹೆಣ ಹೋಗುವುದಕ್ಕೆ ಎರಡೇ ರೀತಿ. ಮಕ್ಕಳು ಮೊಮ್ಮಕ್ಕಳನ್ನು ಕಂಡು ತುಂಬಾ ಕಾಲ ಬಾಳಿದವರು ಕೂತು ಹೋಗುತ್ತಾರೆ. ಅವರಿಗೆ ಬಿದಿರಿನ ಮಂಟಪ, ಹೂವು, ಮುಂದೆ ತಮಟೆ, ತಮಟೆಯ ಮುಂದೆ ಕುಣಿತ, ದಾರಿ ಹೈವೇ ಮೇಲೆ. ಮದುವೆಯಾಗದೆ ಹೋದ ಎಳೆಯರು ಮಲಗಿ ಹೋಗುತ್ತಾರೆ. ಅವರಿಗೆ ಚಟ್ಟ, ಬಿಳಿ ಬಟ್ಟೆ, ಹಿಂದಿನ ಓಣಿ. ಸದ್ದು ಮಾಡುವಂತಿಲ್ಲ. ಭಾನುಗೆ ಹದಿನೇಳು. ಅವಳಿಗೆ ಓಣಿ ಎಂದು ಯಾರೂ ಹೇಳಬೇಕಾಗಿಯೇ ಇರಲಿಲ್ಲ. ಗಳ ತಾವಾಗಿಯೇ ಬಂದಿದ್ದವು.

"ಎಳೇ ಕೂಸ್ನ ಮಂಟಪದಲ್ಲಿ ಕೂರ್ಸಿ ತಮಟೆ ಬಡಿಸದಾ? ಯಾವ ಸಂಭ್ರಮಕ್ಲಾ?" ಎಂದ ಚಿಕ್ಕಮಲ್ಲಪ್ಪ.

"ಅವ್ಳೇ ಕೇಳಿದ್ಲು ದೊಡ್ಡಪ್ಪ. ಓದ ವಾರ ನನ್ ಕೈ ಇಡ್ಕೊಂಡು ಕೇಳುದ್ಲು. 'ಮಲ್ಗಿ ಮಲ್ಗಿ ಸಾಕಾಗದೆ ಕಣಣ್ಣ, ಅವತ್ತೂ ಮಲಗ್ಸಬ್ಯಾಡ, ಕೂರ್ಸು, ಲಾರಿಯೋರೆಲ್ಲ ನೋಡ್ಲಿ' ಅಂದ್ಲು. ಊಂ ಅಂದಿವ್ನಿ."

"ಅದು ಮಾತ್ರೆ ಮತ್ತಲ್ಲಿ ಆಡಿದ ಮಾತು."

ಆ ಹೊತ್ತಿಗೆ ಸ್ಕೂಟರ್ ಬಂದು ನಿಂತಿತು. ಗುಂಡ್ಲುಪೇಟೆಯ ಮನೆ ಆರೈಕೆ ತಂಡದ ನರ್ಸ್ ರಂಜಿನಿ ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದುಕೊಂಡಳು. ಅಳುತ್ತಲೇ ಗಾಡಿ ಓಡಿಸಿಕೊಂಡು ಬಂದಿದ್ದಳು, ಕೆನ್ನೆಯ ಮೇಲೆ ಧೂಳು ಗೀರುಗೀರಾಗಿ ಅಂಟಿತ್ತು.

"ಬಂದ್ಲು ನೋಡಿ, ಅಪೀಮು ತಿನ್ನಿಸ್ದೋಳು," ಎಂದ ಚಿಕ್ಕಮಲ್ಲಪ್ಪ, ಎಲ್ಲರಿಗೂ ಕೇಳುವಂತೆ. "ಆ ಮಾತ್ರೆ ಇಲ್ದೇ ಇದ್ರೆ ಕೂಸು ಇನ್ನಷ್ಟು ದಿನ ಇರದು."

ಗಿರೀಶ ಅವನೆದುರು ಹೋಗಿ ನಿಂತ. "ಕಿರುಚ್ಕೊಂಡು ಇರದು. ಅವ್ಳು ಕಿರುಚ್ತಿದ್ದಾಗ ನೀನೇನ್ ಮಾಡ್ತಿದ್ದೆ ದೊಡ್ಡಪ್ಪ? ಟೀವಿ ಸೌಂಡ್ ಜಾಸ್ತಿ ಮಾಡ್ತಿದ್ದೆ. ನಮ್ ಗೋಡೆಗೇ ಕೇಳ್ಸದು, ನಿನ್ ಸೀರಿಯಲ್ಲು."

ರಂಜಿನಿ ನೇರ ಒಳಗೆ ಹೋಗಿ ಭಾನುವಿನ ತಾಯಿ ಮರಿತಾಯಮ್ಮನ ಪಕ್ಕ ನೆಲದ ಮೇಲೆ ಕೂತಳು.

*

ಭಾನುವಿನ ಮೊಣಕಾಲಿನ ಮೇಲೆ ಗಡ್ಡೆ ಕಂಡದ್ದು ಅವಳು ಹತ್ತನೇ ಕ್ಲಾಸು ಮುಗಿಸಿದ ವರ್ಷ. ಮೂಳೆಯ ಕ್ಯಾನ್ಸರ್ ಎಂದರು. ದೂರದ ದೊಡ್ಡಾಸ್ಪತ್ರೆಯಲ್ಲಿ ಕೂದಲುದುರುವ ಔಷಧಿ ಏರಿಸಿದರು. ಕೂದಲು ಉದುರಿತು, ಮತ್ತೆ ಬಂತು. ಕ್ಯಾನ್ಸರ್ರೂ ಮತ್ತೆ ಬಂತು, ಈ ಸಲ ಶ್ವಾಸಕೋಶಕ್ಕೆ. 2007ರ ಬೇಸಿಗೆಯಲ್ಲಿ ಅಲ್ಲಿನ ಡಾಕ್ಟರು ಫೈಲು ಮುಚ್ಚಿ, "ಇನ್ನು ಮಾಡುವುದು ಏನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ," ಎಂದರು.

ಏನೂ ಇಲ್ಲ ಎಂದವರು ನೋವಿನ ಬಗ್ಗೆ ಏನೂ ಹೇಳಲಿಲ್ಲ. ಅದು ಮನೆಗೆ ಬಂದ ಮೇಲೆ ಶುರುವಾಯಿತು. ಮೂಳೆಯನ್ನು ಒಳಗಿನಿಂದ ಯಾರೋ ಗರಗಸದಲ್ಲಿ ಕೊಯ್ಯುತ್ತಿರುವ ಹಾಗೆ. ಹಾಸಿಗೆಯ ಅಂಚು ಕಚ್ಚಿಕೊಂಡು ಕಿರುಚುತ್ತಿದ್ದಳು. ಅಪ್ಪ ಹಿಂದೆಯೇ ತೀರಿಕೊಂಡಿದ್ದ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟು ಹೈವೇ ಬದಿಯ ಪಂಕ್ಚರ್ ಅಂಗಡಿಗೆ ಸೇರಿದ್ದ ಗಿರೀಶನೇ ಚೀಟಿ ಹಿಡಿದುಕೊಂಡು ಗುಂಡ್ಲುಪೇಟೆಗೆ ಹೋದ, ಚಾಮರಾಜನಗರಕ್ಕೆ ಹೋದ. ಮೆಡಿಕಲ್ ಸ್ಟೋರಿನವರು ಮಾರ್ಫಿನ್ ಎಂಬ ಹೆಸರು ಓದಿ ಚೀಟಿ ವಾಪಸ್ ತಳ್ಳಿದರು. ಒಬ್ಬ ಅವನ ಗ್ರೀಸು ಮೆತ್ತಿದ ಕೈ ನೋಡಿ, "ನಿನಗೇನಾ?" ಎಂದು ನಕ್ಕ. ಗಿರೀಶ ಅವನ ಕಾಲರ್ ಹಿಡಿದ. ನಾಲ್ಕು ಜನ ಬಂದು ಬಿಡಿಸಬೇಕಾಯಿತು. ಹೀಗೆ ಬಿಡಿಸಿದವರಲ್ಲಿ ಒಬ್ಬರು, ಗುಂಡ್ಲುಪೇಟೆಯಲ್ಲಿ ಮನೆ ಮನೆಗೆ ಹೋಗಿ ಇಂಥವರನ್ನು ನೋಡಿಕೊಳ್ಳುವ ತಂಡವೊಂದು ಹೊಸದಾಗಿ ಶುರುವಾಗಿದೆ, ಅದರ ಡಾಕ್ಟರಿಗೆ ಈ ಮಾತ್ರೆ ಕೊಡುವ ಲೈಸೆನ್ಸು ಇದೆ ಎಂದು ಹೇಳಿದರು.

ಮರುದಿನವೇ ರಂಜಿನಿ ಬಂದಳು, ಡಾಕ್ಟರು ಜೊತೆಗಿದ್ದರು. ಮಾತ್ರೆ ಕೊಟ್ಟು ಹೋದರು. ಎರಡು ದಿನ ಬಿಟ್ಟು ಬಂದು ನೋಡಿದರೆ ಭಾನು ಮೊದಲಿನ ಹಾಗೆಯೇ ಕಿರುಚುತ್ತಿದ್ದಳು. ಮಾತ್ರೆ ದೇವರ ಗೂಡಿನಲ್ಲಿ ಫೋಟೋದ ಹಿಂದೆ ಇದ್ದವು.

"ಕೊಟ್ಟಿಲ್ವಾ ಅಮ್ಮ?"

"ಕೊನೇಗೆ ಅಂತ ಇಟ್ಟಿವ್ನಿ ಕಣವ್ವ," ಎಂದಳು ಮರಿತಾಯಮ್ಮ. "ಈಗ್ಲೇ ಕೊಟ್ಬುಟ್ರೆ ಆಮೇಲೆ ಕೆಲ್ಸ ಮಾಡದಿದ್ರೆ? ಅದು ಕೊಡದು ಅಂದ್ರೆ ಮುಗೀತು ಅಂತ ತಾನೆ?"

ವಯನಾಡಿನ ಕಡೆಯಿಂದ ಮದುವೆಯಾಗಿ ಬಂದ ರಂಜಿನಿಯ ಕನ್ನಡ ಒಂಥರಾ ಎಳೆದೆಳೆದು ಬರುತ್ತಿತ್ತು. "ಅಮ್ಮ, ಹಸು ಇದೆಯಲ್ಲ ನಿಮ್ಮಲ್ಲಿ? ಕೆಚ್ಚಲು ಬಿಗಿದು ಅದು ಕೂಗಿದ ಮೇಲೆಯಾ ನೀವು ಹಾಲು ಕರೆಯೋದು? ಹೊತ್ತಿಗೆ ಸರಿಯಾಗಿ ಕರೀತೀರಿ. ಇದೂ ಹಾಗೇ. ನೋವು ಬರಲಿ ಅಂತ ಕಾಯಬಾರದು. ನೋವಿಗಿಂತ ಮುಂಚೆ ನಾವು ಹೋಗಬೇಕು."

ಮರಿತಾಯಮ್ಮ ಫೋಟೋದ ಹಿಂದೆ ಕೈ ಹಾಕಿದಳು.

ಡೈರಿಗೆ ಹಾಲು ಹಾಕಿ ಬಂದೊಡನೆ ಒಂದು, ಸ್ಕೂಲಿನ ಗಂಟೆಗೆ ಒಂದು, ಊಟದ ಮೇಲೆ, ದೀಪ ಹಚ್ಚುವಾಗ. ಮೂರನೇ ದಿನ ಭಾನು ಎದ್ದು ದಿಂಬಿಗೆ ಒರಗಿ ಕೂತು, "ಅವ್ವ, ಮೆಣಸಿನಕಾಯಿ ಬೋಂಡ ತಿನ್ಬೇಕು ಅನ್ನಿಸ್ತದೆ," ಎಂದಳು. ಗಿರೀಶ ಅಂಗಡಿಯನ್ನು ತೆರೆದೇ ಬಿಟ್ಟು ಬಸ್‌ಸ್ಟ್ಯಾಂಡಿಗೆ ಓಡಿದ.

*

"ಇವನ ಮಾತು ಬುಡಿ, ಗಳ ಎತ್ಕಂಬನ್ನಿ," ಎಂದು ಚಿಕ್ಕಮಲ್ಲಪ್ಪ ಕೈಬೀಸಿದ.

ಬೀದಿಗೆ ಬಿದ್ದಿದ್ದ ಗಳ ಎತ್ತಲು ಹೋದವನು ಅಲ್ಲೇ ನಿಂತ. ಆಚೆ ಬೀದಿಯ ತಮಟೆಯವನು ಲಿಂಗಯ್ಯ ಬರುತ್ತಿದ್ದ. ಒಂದು ಹೆಗಲಿಗೆ ತಮಟೆ, ಸೊಂಟದ ಮೇಲೆ ಮೊಮ್ಮಗಳು ಮಾನಸ. ಏಳು ವರ್ಷದ ಮಗುವಿನ ತಲೆಯ ಮೇಲೆ ಕೂದಲು ಈಗಷ್ಟೇ ಚಿಗುರುತ್ತಿತ್ತು.

"ನಿನ್ನ ಯಾರು ಕರುದ್ರು ಲಿಂಗಯ್ಯ?"

"ಯಾರೂ ಕರೀಲಿಲ್ಲ ಬುದ್ಧಿ." ಲಿಂಗಯ್ಯ ತಮಟೆಯನ್ನು ಇಳಿಸಲಿಲ್ಲ. "ಭಾನವ್ವ ನಮ್ಮಟ್ಟಿಗೆ ಬಂದಾಗ ನಾನೂ ಕರ್ದಿರಲಿಲ್ಲ."

*

ಮಾನಸಳಿಗೆ ರಕ್ತದ ಕ್ಯಾನ್ಸರ್. ಮೈಕೈ ಮೂಳೆಯೆಲ್ಲ ನೋವು. ರಂಜಿನಿ ಕೊಟ್ಟ ಮಾರ್ಫಿನ್ ನೀರೌಷಧಿಯನ್ನು ಆ ಮನೆಯವರು ಮುಟ್ಟಲಿಲ್ಲ. ಆ ಔಷಧಿ ಕುಡಿದರೆ ಕೂಸು ಸಾಯುತ್ತದೆ ಎಂದು ಬೀದಿಯಲ್ಲೆಲ್ಲ ಮಾತಾಗಿತ್ತು.

"ಊರಲ್ಲಿ ನಿಮ್ಮ ಥರಾನೇ ಹೆದರೋ ಮನೆ ಇನ್ನೂ ಇದೆ," ಎಂದು ರಂಜಿನಿ ಹೆಸರು ಹೇಳದೆ ಮರಿತಾಯಮ್ಮನ ಹತ್ತಿರ ಪೇಚಾಡಿಕೊಂಡಳು. ಯಾವ ಮನೆ ಎಂದು ಬೇಗೂರಿನಲ್ಲಿ ಯಾರಿಗೂ ಹೇಳಬೇಕಾಗಿರಲಿಲ್ಲ. ಭಾನು ದಿಂಬಿನಿಂದ ತಲೆಯೆತ್ತಿದಳು.

"ನನ್ನ ಕರ್ಕೊಂಡೋಗಣ್ಣ."

"ನೀನೇನ್ ಡಾಕ್ಟರಾ?"

"ಡಾಕ್ಟರ್ ಏಳುದ್ರೆ ಯಾರ್ ನಂಬ್ತಾರಣ್ಣ? ಅವ್ರು ನುಂಗಿದ್ದಾರಾ? ನಾನ್ ನುಂಗಿವ್ನಿ."

ಲಗೇಜ್ ಆಟೋದಲ್ಲಿ ಹಾಸಿಗೆ ಹಾಸಿ ಗಿರೀಶ ಅವಳನ್ನು ಕರೆದೊಯ್ದ. ತಮ್ಮ ಬೀದಿಯ ಹೆಣ್ಣುಮಕ್ಕಳು ಯಾರೂ ಆ ಬೀದಿಗೆ ಕಾಲಿಟ್ಟವರಲ್ಲ. ಲಿಂಗಯ್ಯನಿಗೆ ಏನು ಹಾಸಬೇಕು, ಏನು ಕೊಡಬೇಕು ತಿಳಿಯಲಿಲ್ಲ. ಭಾನು ಜಗುಲಿಯ ಮೇಲೆ ಗೋಡೆಗೆ ಒರಗಿ ಕೂತಳು. ಸ್ಕೂಲಿನ ಗಂಟೆ ಬಾರಿಸಿತು. ಮಾತ್ರೆ ಬಾಯಿಗೆ ಹಾಕಿ, ಅವರ ಮನೆಯ ಲೋಟದಲ್ಲೇ ನೀರು ಕುಡಿದಳು.

"ಮುಂಗಾರಿಂದ ನುಂಗ್ತಾ ಇವ್ನಿ. ಸತ್ನಾ? ಸಾಯ್ತೀನಿ, ಇಲ್ಲ ಅನ್ನಲ್ಲ. ಅದು ಈ ಕಾಲಿಂದ. ಈ ಮಾತ್ರೆಯಿಂದ ಅಲ್ಲ."

ಒಳಗೆ ಮುದುಡಿ ಮಲಗಿದ್ದ ಮಾನಸ ಕೇಳಿದಳು: "ಅಕ್ಕ, ಕಯ್ಯಾ?"

"ಬಲೇ ಕಯ್ಯಿ ಕಣಮ್ಮಿ, ಬೇವಿನ್ ಥರ. ಸುಳ್ಯಾಕೆ ಏಳ್ಲಿ? ಗಟಕ್ ಅಂತ ನುಂಗ್ಬುಟ್ಟು ಆಮೇಲೆ ಎಲ್ರನ್ನೂ ಬಯ್ಯಿ."

ಮಾನಸ ನುಂಗಿದಳು. ಆಮೇಲೆ ನಿಜವಾಗಿಯೂ ಬೈದಳು, ಮೊದಲು ತಾತನನ್ನೇ. ಅಂದು ಸಂಜೆ ಆ ಮನೆಯಿಂದ ಅಳು ಕೇಳಲಿಲ್ಲ.

ಅಲ್ಲಿಂದ ಭಾನು ನಿಲ್ಲಲಿಲ್ಲ. ತಂಡದ ಜೀಪಿನಲ್ಲಿ ಹರದನಹಳ್ಳಿಗೆ ಹೋದಳು, ಕಾಡಂಚಿನ ಪುಣಜನೂರಿಗೂ ಹೋದಳು. ಅಲ್ಲಿನ ತಾಯಂದಿರ ಎದುರು ಮಾತ್ರೆ ನುಂಗಿ ತೋರಿಸಿದಳು, ಅವರು ಕೊಟ್ಟ ಕಾಫಿಗೆ ಸಕ್ಕರೆ ಕಮ್ಮಿ ಎಂದು ಜಗಳ ಆಡಿದಳು. "ಕಾಲು ಊರಕ್ಕಾಗ್ದೋಳು ಊರೂರು ಸುತ್ತುತ್ತಾವ್ಳೆ," ಎಂದು ಚಿಕ್ಕಮಲ್ಲಪ್ಪ ಆಡಿಕೊಂಡ. "ಕಾಲಿದ್ದೋರು ಮನೇಲೇ ಕುಂತವ್ರಲ್ಲ ದೊಡ್ಡಪ್ಪ, ಅದ್ಕೆ," ಎಂದಳು ಭಾನು.

*

"ಲಿಂಗಯ್ಯಾ, ಔಷಧಿ ಟೈಮಾಯ್ತು," ಎಂದಳು ರಂಜಿನಿ ಬಾಗಿಲಿಗೆ ಬಂದು.

ಲಿಂಗಯ್ಯ ಅಲ್ಲೇ ನಡು ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತ. ಸೊಂಟದ ಬಟ್ಟೆಯಿಂದ ಪುಟ್ಟ ಸೀಸೆ ತೆಗೆದು ಮುಚ್ಚಳದಲ್ಲಿ ಅಳೆದ.

"ಅಯ್ಯಯ್ಯೋ, ಸಾವಿನ ಮನೇಲಿ ಅದನ್ನ ಕುಡಿಸ್ತಾನಲ್ಲಪ್ಪಾ," ಎಂದು ಪಕ್ಕದ ಮನೆಯ ಸುಂದ್ರಮ್ಮ ಸೆರಗು ಬಾಯಿಗೊತ್ತಿದಳು. ಯಾರೋ ಹಿಂದೆ ಸರಿದರು. ಚಿಕ್ಕಮಲ್ಲಪ್ಪ ಕಣ್ಣೆವೆ ಮಿಟುಕಿಸದೆ ನೋಡುತ್ತಿದ್ದ.

ಮಾನಸ ಬಾಯಿ ತೆರೆದಳು, ನುಂಗಿದಳು. ಮುಖ ಹುಳ್ಳಗೆ ಮಾಡಿಕೊಂಡು, ಉದ್ದ ನಾಲಿಗೆ ಚಾಚಿ, ತನ್ನನ್ನೇ ನೋಡುತ್ತಿದ್ದ ಚಿಕ್ಕಮಲ್ಲಪ್ಪನಿಗೆ ತೋರಿಸಿದಳು. "ಏನ್ ನೋಡ್ತೀಯ ತಾತ? ಬೆಲ್ಲ ಕೊಡು."

ಒಬ್ಬಿಬ್ಬರಿಗೆ ನಗು ಬಂದು ಕೆಮ್ಮಿದರು. ಗೋಡೆಗೆ ಒರಗಿದ್ದ ಅಜ್ಜಿ ದೊಡ್ಡಮಲ್ಲಮ್ಮ ಎಲೆಯಡಿಕೆಯ ಚೀಲದಲ್ಲಿ ತಡಕಾಡಿ ಬೆಲ್ಲದ ಚೂರೊಂದನ್ನು ಮಗುವಿನ ಕೈಗಿಟ್ಟಳು. ಚಿಕ್ಕಮಲ್ಲಪ್ಪನನ್ನು ಹೆತ್ತವಳು ಅವಳು. ಈಗ ಕೋಲೂರಿ ಎದ್ದಳು.

"ಗಿರೀಸ, ಅಟ್ಟಕ್ಕೆ ಅತ್ತು. ನನ್ ಬಿದಿರು ಇಳ್ಸು."

ಆ ಬಿದಿರು ಯಾವುದು ಎಂದು ಎಲ್ಲರಿಗೂ ಗೊತ್ತು. ತಾನು ಸತ್ತರೆ ಮಂಟಪ ಕಟ್ಟಲೆಂದು ಅಜ್ಜಿ ತಾನೇ ನಿಂತು ಕಡಿಸಿ, ಸೀಳಿಸಿ, ಒಲೆಯ ಹೊಗೆಯಲ್ಲಿ ಹದವಾಗಲೆಂದು ಅಟ್ಟಕ್ಕೆ ಹಾಕಿಸಿಕೊಂಡಿದ್ದ ಬಿದಿರು ಅದು. ಬಂದ ನೆಂಟರಿಗೆಲ್ಲ ಕತ್ತೆತ್ತಿ ತೋರಿಸುತ್ತಿದ್ದಳು.

"ಅವ್ವಾ, ಅದು ನಿಂದು," ಎಂದ ಚಿಕ್ಕಮಲ್ಲಪ್ಪ.

"ಈಗ ಅವ್ಳದು." ಅಜ್ಜಿ ನೆಲದ ಮೇಲಿನ ಅರ್ಧ ಚಟ್ಟವನ್ನು ಕೋಲಿನಿಂದ ತಟ್ಟಿದಳು. "ಇದ ಅಟ್ಟಕ್ಕೆ ಆಕಿ. ನಾನು ಮಲ್ಗೇ ಓಯ್ತೀನಿ. ಓಣೀಲಿ."

"ಊರು ಏನಂದದು?"

"ಮಗ, ನನ್ ನೋಡಕ್ಕೆ ಇದ್ವರ್ಗೂ ಯಾರ್ ಬಂದವ್ರೆ ಯೋಳು? ನೀನೇ ವಾರಕ್ಕೊಂದ್ಸಲ ಬರದು. ಆ ಕೂಸ್ನ ಕೇಳ್ಕೊಂಡು ಪುಣಜನೂರಿಂದ ಜನ ಬಸ್ಸತ್ತಿ ಬತ್ತಿದ್ರು. ನಾನ್ ಕಾಫಿ ಕಾಯ್ಸಿ ಕಾಯ್ಸಿ ಸಾಕಾಗೋಯ್ತಿತ್ತು." ಅಜ್ಜಿಯ ದನಿ ಒಡೆಯಿತು. ಮರುಕ್ಷಣ ಗಟ್ಟಿಯಾಯಿತು. "ನಾವಿಬ್ರೂ ಓದ್ರೆ ಯಾರ್ ಬಂದಾರ್ಲಾ, ನಿನ್ನೂ ನನ್ನೂ ಕೇಳ್ಕೊಂಡು?"

ಚಿಕ್ಕಮಲ್ಲಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡು ಅಂಗಳ ದಾಟಿ ಹೊರಗೆ ಹೋಗಿಬಿಟ್ಟ.

"ಓಗ್ಲಿ ಬುಡಿ," ಎಂದು ಗಿರೀಶ ಏಣಿ ಹತ್ತಿದ. ಹೊಗೆಗೆ ಕೆಂಪಾಗಿದ್ದ ಬಿದಿರು ಒಂದೊಂದಾಗಿ ಕೆಳಗಿಳಿಯಿತು. ಮಂಟಪದ ನಾಲ್ಕು ಕಾಲು ನಿಲ್ಲಿಸಿ, ಮೇಲಿನ ಕಮಾನು ಬಗ್ಗಿಸುವ ಹೊತ್ತಿಗೆ ಬಾಗಿಲಲ್ಲಿ ಟೆಂಪೋ ನಿಂತಿತು. ಹೂವಿನಿಂದ ಬಣ್ಣ ತೆಗೆಯುವ ಫ್ಯಾಕ್ಟರಿಗೆ ತೂಕಕ್ಕೆ ಹೋಗಬೇಕಿದ್ದ ಚೆಂಡುಹೂವಿನ ಮೂಟೆಗಳು ಅದರ ತುಂಬ. ಚಿಕ್ಕಮಲ್ಲಪ್ಪ ಹಿಂದಿನಿಂದ ಇಳಿದು, ಯಾರ ಮುಖವನ್ನೂ ನೋಡದೆ, ತನ್ನ ಹೊಲದ ಹೂವಿನ ಮೂಟೆಯೊಂದನ್ನು ಬೆನ್ನಿಗೆ ಹಾಕಿಕೊಂಡು ಬಂದು ಅಂಗಳದಲ್ಲಿ ಸುರಿದ. ಮತ್ತೆ ಹೋಗಿ ಇನ್ನೊಂದನ್ನು ತಂದ.

"ಬರೀ ಬಿದಿರು ನೋಡ್ಕೊಂಡು ನಿಂತಿದ್ದೀರಲ್ಲ, ಪೋಣಿಸ್ರಮ್ಮಿ," ಎಂದು ಹೆಂಗಸರ ಮೇಲೆ ರೇಗಿದ.

ಮರಿತಾಯಮ್ಮ ಮಗಳಿಗೆ ಹಸಿರು ಲಂಗ ದಾವಣಿ ಉಡಿಸಿದಳು. ರಂಜಿನಿ ಮತ್ತೆ ಬೆಳೆದಿದ್ದ ಗಿಡ್ಡ ಕೂದಲನ್ನು ಬಾಚಿ, "ಮೋಳೇ, ಮಗಳೇ," ಎಂದಷ್ಟೇ ಅಂದು ಹಣೆಗೆ ಬೊಟ್ಟಿಟ್ಟಳು. ಗಿರೀಶ ತಂಗಿಯನ್ನು ಎತ್ತಿಕೊಂಡು ಬಂದು ಮಂಟಪದಲ್ಲಿ ಕೂರಿಸಿದ. ಭಾರವೇ ಇರಲಿಲ್ಲ. ಮುಖದಲ್ಲಿ ನೋವಿನ ಒಂದು ಗೆರೆಯೂ ಇರಲಿಲ್ಲ. ಅದನ್ನು ಅಂಗಳದಲ್ಲಿದ್ದವರೆಲ್ಲ ಹತ್ತಿರ ಬಂದು ನೋಡಿದರು, ಸುಂದ್ರಮ್ಮನೂ.

ಲಿಂಗಯ್ಯ ತಮಟೆಯನ್ನು ಹುಲ್ಲಿನ ಉರಿಗೆ ಹಿಡಿದು ಕಾಯಿಸಿದ. ಮೊದಲ ಏಟಿಗೆ ಕಾಗೆಗಳು ಎದ್ದವು.

ಅವರು ಹೈವೇಗೆ ಬಂದಾಗ ಬಿಸಿಲು ನೆತ್ತಿಗೇರಿತ್ತು. ಗಿರೀಶ ಮುಂದಿನ ಗಳಕ್ಕೆ ಹೆಗಲು ಕೊಟ್ಟಿದ್ದ. ಅಳುತ್ತಲೂ ಇದ್ದ, ತಮಟೆಯ ಗತ್ತಿಗೆ ಹೆಜ್ಜೆಯನ್ನೂ ಹಾಕುತ್ತಿದ್ದ. ಹುಡುಗರು ಶಿಳ್ಳೆ ಹೊಡೆದು ಕುಣಿದರು. ಗುಂಡ್ಲುಪೇಟೆಯ ಕಡೆಗೆ ಹೊರಟಿದ್ದ ಬಸ್ಸು ನಿಂತಿತು, ಅದರ ಹಿಂದೆ ತರಕಾರಿ ಲಾರಿಗಳು ಸಾಲಾಗಿ ನಿಂತವು. ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು, ಹೂವಿನ ಮಂಟಪವನ್ನು ದೂರದಿಂದ ನೋಡಿ ಕೂಗಿದ:

"ಯಾರಣ್ಣ ಓಗಿದ್ದು? ಬಾಳ ವಯಸ್ಸಾಗಿತ್ತಾ?"

ತಲೆಗೆ ಟವೆಲ್ ಸುತ್ತಿಕೊಂಡು ತಮಟೆಯ ಮುಂದೆ ಬಾರದ ಹೆಜ್ಜೆ ಹಾಕುತ್ತಿದ್ದ ಚಿಕ್ಕಮಲ್ಲಪ್ಪ ನಿಂತ. ಏದುಸಿರು ಬಿಡುತ್ತ ಮಂಟಪದ ಕಡೆ ತಿರುಗಿ ನೋಡಿದ.

"ಊಂ ಕಣಪ್ಪ," ಎಂದ. "ನಮ್ಮನೆ ಇರೀಕ್ಳು. ಎಲ್ರಿಗಿಂತ ದೊಡ್ಡೋಳು."

ಡ್ರೈವರ್ ಎಂಜಿನ್ ಆರಿಸಿದ. ಹಿಂದಿನ ಲಾರಿಯೂ ಆರಿತು, ಅದರ ಹಿಂದಿನದೂ. ಕ್ಲೀನರ್‌ಗಳು ಕ್ಯಾಬಿನ್ನಿನ ಮೇಲೆ ಹತ್ತಿ ನಿಂತು ಕೈಮುಗಿದರು. ಅಷ್ಟುದ್ದ ರಸ್ತೆಯಲ್ಲಿ ತಮಟೆಯೊಂದೇ ಕೇಳುತ್ತಿತ್ತು. ಹಸಿರು ದಾವಣಿಯ ಹುಡುಗಿ ಬಸ್ಸಿನ ಕಿಟಕಿಗಳ ಎತ್ತರಕ್ಕೆ ಕೂತು, ಒಂದೊಂದೇ ಕಿಟಕಿ ದಾಟುತ್ತ, ಮುಂದೆ ಮುಂದೆ ಹೋಗುತ್ತಿದ್ದಳು.