ಬ್ರೆಡ್ಡಿನ ಪುಡಿ ಬಿದ್ದ ನೋಟ್‌ಬುಕ್ಕುಗಳು

ಹೆನ್ಯಾಗೆ ಕಾಯಂ ಕೆಲಸವಿರಲಿಲ್ಲ. ಒಂಬತ್ತು ವರ್ಷದಿಂದ ಜೆರುಸಲೇಮಿನ ವಿಶ್ವವಿದ್ಯಾಲಯದಲ್ಲಿ ಯಹೂದಿಗಳ ಯಿಡ್ಡಿಷ್ ಭಾಷೆಯ ಸಾಹಿತ್ಯ ಪಾಠ ಮಾಡುತ್ತಿದ್ದಳು; ಪ್ರತಿ ಬೇಸಿಗೆ ಬಂದಾಗಲೂ ಮುಂದಿನ ವರ್ಷ ಇಟ್ಟುಕೊಳ್ಳುತ್ತಾರೋ ಇಲ್ಲವೋ ಎಂದು ಉಗುರು ಕಚ್ಚುತ್ತಿದ್ದಳು. ಲೈಜರ್ ಕಾಮಿನ್ ಅಚ್ಚಿಗೆ ಕೊಡದೆ ಸತ್ತ ಕಾದಂಬರಿಯನ್ನು ಸಂಪಾದಿಸಿ ತಂದರೆ ಕಾಯಂ ಮಾಡುತ್ತೇವೆ ಎಂದಿದ್ದರು. ಕಾದಂಬರಿ ಹದಿಮೂರು ನೋಟ್‌ಬುಕ್ಕುಗಳಲ್ಲಿತ್ತು. ಅವನ ಹೆಂಡತಿ ಗೀತ್ಲ ಒಂದನ್ನೂ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಹೆನ್ಯಾ ವಾರಕ್ಕೊಮ್ಮೆ ಹೋಗಿ ಅಡುಗೆಮನೆಯ ಮೇಜಿನ ಮೇಲೆ ಕೈಯಲ್ಲೇ ನಕಲು ಮಾಡುತ್ತಿದ್ದಳು. ಎರಡು ಮುಗಿದಿದ್ದವು.

ಪೆಸಾಖ್ ಹಬ್ಬಕ್ಕೆ ಮೂರು ದಿನವಿದ್ದಾಗ ಹೋದರೆ ಕಪಾಟು ಖಾಲಿ.

"ನೋಟ್‌ಬುಕ್ಕುಗಳೆಲ್ಲಿ, ಗೀತ್ಲ ಚಿಕ್ಕಮ್ಮ?"

"ತಿಂಡಿಪೋತ ಕಣೇ ನನ್ನ ಗಂಡ. ಬರೀವಾಗೆಲ್ಲ ಬಾಯಲ್ಲಿ ಬ್ರೆಡ್ಡು. ಹಾಳೆ ಹಾಳೆಗೂ ಪುಡಿ. ಹಬ್ಬದಲ್ಲಿ ಮನೇಲಿ ಬ್ರೆಡ್ಡಿನ ಒಂದು ಚೂರೂ ಇರಬಾರದಲ್ಲ? ಸುಡೋಣ ಅಂತಿದ್ದೆ. ಮೇಲಿನ ಮನೆ ಝೈನ್ವಲ್ ಬಂದು, 'ಅಯ್ಯೋ, ಪವಿತ್ರ ಅಕ್ಷರ ಸುಡ್ತೀರಾ, ಹೂಳೋಕೆ ಕಳಿಸ್ತೀನಿ' ಅಂತ ತಾನೇ ಹೊತ್ಕೊಂಡು ಹೋದ."

"ಅದು ಸೂಳೆಮನೆ ಕತೆ ಚಿಕ್ಕಮ್ಮ!"

"ಇರಬಹುದು. ಅಕ್ಷರ ದೇವರ ಪುಸ್ತಕದ್ದೇ ತಾನೆ? ಟೀ ಕುಡಿ."

ಹೆನ್ಯಾ ಮೆಟ್ಟಿಲು ಹಾರಿ ಬೀದಿಗಿಳಿದಳು. ದೇವರ ಹೆಸರಿರುವ ಹಳೆಯ ಪುಸ್ತಕಗಳನ್ನು ಯಾರೂ ಕಸಕ್ಕೆ ಹಾಕುವುದಿಲ್ಲ, ಹೆಣದ ಹಾಗೆ ಮಣ್ಣು ಮಾಡುತ್ತಾರೆ. ಬೀದಿಯ ಪ್ರಾರ್ಥನಾ ಮಂದಿರದಲ್ಲಿ ಅವನ್ನು ಕೂಡಿಡುವ ಪೆಟ್ಟಿಗೆ ಬೆಳಿಗ್ಗೆಯೇ ಖಾಲಿಯಾಗಿತ್ತು. ಸ್ಮಶಾನದ ಗುಡ್ಡಕ್ಕೆ ಬಸ್ಸು ಹಿಡಿದಳು. ಸೀಟಿದ್ದರೂ ಕೂರಲಿಲ್ಲ. ಬಸ್ಸು ತೆವಳುತ್ತಿದೆ ಎನ್ನಿಸಿ ಒಂದು ನಿಲ್ದಾಣ ಮೊದಲೇ ಇಳಿದು ಓಡಿದಳು.

ಗುಂಡಿಯಲ್ಲಿ ಪುಸ್ತಕದ ಮೂಟೆಗಳು ಬಿದ್ದಿದ್ದವು. ಮೇಲೆ ಆಗಲೇ ಒಂದು ಪದರ ಮಣ್ಣು. ಗುಂಡಿ ತೋಡುವ ಬೆರಿಶ್ ಸಲಿಕೆ ಹಿಡಿದು ನಿಂತಿದ್ದ.

"ಆ ಮೂಟೆಗಳನ್ನ ತೆಗೀರಿ. ನನ್ನ ನೋಟ್‌ಬುಕ್ಕುಗಳಿವೆ."

"ಹೂತದ್ದನ್ನ ತೆಗೆಯೋದಿಲ್ಲಮ್ಮ."

"ಬರೆದವನು ದೇವರನ್ನೇ ನಂಬ್ತಿರಲಿಲ್ಲ ಕಣ್ರೀ!"

"ನಂಬದವರೇ ಅವನ ಹೆಸರು ಹಿಡಿದು ಜಾಸ್ತಿ ಬೈಯೋದು." ಬೆರಿಶ್ ಅವಳ ಮುಖ ನೋಡಿದ. ಅವಳ ಉಸಿರು ಇನ್ನೂ ಹಿಡಿತಕ್ಕೆ ಬಂದಿರಲಿಲ್ಲ. "ಸರಿ, ಒಂದು ಹೇಳಿ. ದೇವರ ಹೆಸರು ಅದರಲ್ಲಿ ಎಲ್ಲೂ ಇಲ್ಲ ಅಂದ್ರೆ ಅದು ಬರೀ ಕಾಗದ. ನಾನೇ ಇಳಿದು ಹುಡುಕಿ ಕೊಡ್ತೀನಿ. ಇದೆಯಾ?"

"ಎರಡನೇ ನೋಟ್‌ಬುಕ್ಕು, ಹದಿನೇಳನೇ ಹಾಳೆ, ಕೆಳಗಿನಿಂದ ಮೂರನೇ ಸಾಲು," ಎಂದಳು ಹೆನ್ಯಾ.

ಒಂಬತ್ತು ವರ್ಷ ತರಗತಿಯಲ್ಲಿ ಯಾರು ಏನು ಕೇಳಿದರೂ ಹೀಗೇ ಉತ್ತರ ಕೊಟ್ಟವಳು. ಬುದ್ಧಿಗಿಂತ ಮೊದಲು ನಾಲಿಗೆ ಹೊರಟಿತ್ತು.

"ಅಲ್ಲ, ತಪ್ಪಿ ಹೇಳಿದೆ. ಅದು ಬೇರೆ ಪುಸ್ತಕದ್ದು."

"ಸಾಲು ಸಮೇತ ಹೇಳಿದ್ರಲ್ಲ ತಾಯಿ." ಬೆರಿಶ್ ಅಂಗೈಗೆ ಉಗಿದುಕೊಂಡ. "ಎಂಥಾ ಓದಪ್ಪ ನಿಮ್ಮದು!"

ಸಲಿಕೆಗೆ ಕೈ ಹಾಕಿದಳು. ಅವನು ಬಿಡಲಿಲ್ಲ, ಬೈಯಲೂ ಇಲ್ಲ. ಅವಳ ಬೆರಳು ಒಂದೊಂದಾಗಿ ಬಿಡಿಸಿ ಮತ್ತೆ ಮಣ್ಣೆಳೆದ. ಗುಂಡಿ ಮಟ್ಟವಾಗುವವರೆಗೆ ಅವಳು ಅಂಚಿನಲ್ಲಿ ಅತ್ತಿಂದಿತ್ತ ನಡೆಯುತ್ತಲೇ ಇದ್ದಳು.

ಹದಿಮೂರು ನೋಟ್‌ಬುಕ್ಕು ಹೋದವು. ನಕಲು ಇದ್ದದ್ದು ಎರಡರದು. ಮಿಕ್ಕ ಹನ್ನೊಂದರಲ್ಲಿ ಎಂಟುನೂರ ನಲವತ್ತು ಪುಟ. ಅವುಗಳಲ್ಲಿ ಕೊನೆಯ ಮುನ್ನೂರನ್ನು ಲೈಜರ್ ಬಿಟ್ಟು ಯಾರೂ ಓದಿರಲಿಲ್ಲ.